ಗಡಸು ನೀರಿನ ಊರಿಗೆ ಎಂಥ ಫಿಲ್ಟರ್?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಓಣಿಯ ಒಂದು ಮನೆಯಲ್ಲಿ ನಡೆದ ಸಂಗತಿ ಇದು. ಆ ಮನೆಯ ಹುಡುಗ ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿ. ಆಗಸ್ಟ್ ತಿಂಗಳಲ್ಲಿ ಟೈಫಾಯಿಡ್ ಆಗಿ ಮೂರು ವಾರ ಕಾಲೇಜು ತಪ್ಪಿಸಿಕೊಂಡಿದ್ದ. ನೀರಿನ ಬಗ್ಗೆ ಎಚ್ಚರ ಇರಲಿ ಎಂದು ವೈದ್ಯರು ಹೇಳಿ ಕಳಿಸಿದ್ದರು. ತಾಯಿಗೆ ಅಂದಿನಿಂದ ಅಡುಗೆಮನೆಯ ಕೊಡ ನೋಡಿದರೆ ಸಾಕು, ಗಾಬರಿ. ಅಂಥ ಹೊತ್ತಿನಲ್ಲಿಯೇ ಟೈ ಕಟ್ಟಿದ ಇಬ್ಬರು ತರುಣರು ಪೆಟ್ಟಿಗೆ ಹಿಡಿದು ಅವರ ಬಾಗಿಲಿಗೆ ಬಂದರು. ಆಕೆ ಮಗನನ್ನು ನಮ್ಮ ಮನೆಗೆ ಓಡಿಸಿದರು: "ಸೈನ್ಸ್ ಮಾಸ್ತರನ್ನ ಕರ್ಕೊಂಡ್ ಬಾ, ಒಂದ್ಸಲ ನೋಡಿ ಹೇಳಲಿ."

ನಾನು ಹೋಗುವಷ್ಟರಲ್ಲಿ ಮೇಜಿನ ಮೇಲೆ ಎರಡು ಗಾಜಿನ ಲೋಟ ಸಿದ್ಧವಾಗಿದ್ದವು. ಒಂದರಲ್ಲಿ ಆ ಮನೆಯದೇ ನೀರು, ಇನ್ನೊಂದರಲ್ಲಿ ಅವರು ತಂದಿದ್ದ 'ಶುದ್ಧ' ನೀರು. ನಾಲ್ಕು ಲೋಹದ ಸರಳುಗಳಿದ್ದ ಒಂದು ಸಣ್ಣ ಉಪಕರಣವನ್ನು ಎರಡೂ ಲೋಟದೊಳಗೆ ಇಳಿಬಿಟ್ಟು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. ಎರಡು ನಿಮಿಷ ಆಗಿರಲಿಕ್ಕಿಲ್ಲ. ಮನೆಯ ನೀರು ಮೊದಲು ಹಸಿರಾಯಿತು, ಆಮೇಲೆ ಕಂದಾಯಿತು, ಕೊನೆಗೆ ಗಟಾರದ ರಾಡಿಯಂತೆ ಕಾಣತೊಡಗಿತು. ಪಕ್ಕದ ಲೋಟದ ನೀರು ಮಾತ್ರ ಹಾಗೆಯೇ ತಿಳಿಯಾಗಿ ಉಳಿಯಿತು.

"ಇಷ್ಟು ದಿನ ಇದನ್ನ ಕುಡದ್ವೇನ್ರಿ ಸರ? ನನ್ನ ಮಗಗ ಇದನ್ನ ಕುಡಿಸಿದ್ನೇನ್ರಿ?" ಎಂದು ಆಕೆ ಸೆರಗು ಬಾಯಿಗೆ ಹಚ್ಚಿದರು.

ನಾನು ಒಂದು ಚಿಟಿಕೆ ಅಡುಗೆ ಉಪ್ಪು ತರಲು ಹೇಳಿದೆ. ಅದನ್ನು ಆ ಶುದ್ಧ ನೀರಿನ ಲೋಟಕ್ಕೆ ಹಾಕಿ ಕಲಕಿ, "ಈಗ ಇನ್ನೊಮ್ಮೆ ಹಚ್ಚರಿ" ಎಂದೆ. ತರುಣರು ಒಬ್ಬರ ಮುಖ ಒಬ್ಬರು ನೋಡಿದರು. ಹಚ್ಚಿದ ಮೇಲೆ ಆ ನೀರು ಮನೆಯ ನೀರಿಗಿಂತ ಬೇಗ, ಅದಕ್ಕಿಂತ ಹೆಚ್ಚು ಕಂದಾಯಿತು. ಅವರಲ್ಲಿ ಚಿಕ್ಕವನು ಮೆಲ್ಲಗೆ, "ನಾನೂ ಬಿ.ಎಸ್ಸಿ. ರೀ ಸರ. ಟ್ರೇನಿಂಗ್‌ನ್ಯಾಗ ಹಿಂಗ ಮಾಡಿ ತೋರಸ್ರಿ ಅಂತ ಹೇಳ್ಯಾರ" ಎಂದ. ಅವನ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸಾಗಲಿಲ್ಲ.

ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಹತ್ತನೆಯ ತರಗತಿಯ ಪುಸ್ತಕದಲ್ಲಿರುವ ವಿದ್ಯುದ್ವಿಭಜನೆ ಅಷ್ಟೇ. ಸರಳುಗಳಲ್ಲಿ ಒಂದು ಜೊತೆ ಕಬ್ಬಿಣದ್ದು. ನೀರಿನಲ್ಲಿ ಲವಣವಿದ್ದರೆ ವಿದ್ಯುತ್ತು ಹರಿಯುತ್ತದೆ, ಧನ ತುದಿಯ ಕಬ್ಬಿಣ ಕರಗಿ ಕಬ್ಬಿಣದ ಹೈಡ್ರಾಕ್ಸೈಡ್ ಆಗುತ್ತದೆ. ಹಸಿರು, ಕಂದು ಬಣ್ಣ ಅದರದು. ಅಂದರೆ ಆ ರಾಡಿ ನೀರಿನಿಂದ ಬಂದದ್ದಲ್ಲ, ಸರಳಿನಿಂದ ಬಂದದ್ದು. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ತು ಹರಿಯದ ಕಾರಣ ಸರಳು ಕರಗುವುದಿಲ್ಲ, ನೀರು ತಿಳಿಯಾಗಿಯೇ ಇರುತ್ತದೆ. ವಿದ್ಯಾರ್ಥಿಗಳು ಇದನ್ನು ಶಾಲೆಯಲ್ಲಿ ಎರಡು ಕಬ್ಬಿಣದ ಮೊಳೆ ಮತ್ತು 9 ವೋಲ್ಟಿನ ಬ್ಯಾಟರಿಯಿಂದ ಮಾಡಿ ನೋಡಬಹುದು, ಬಣ್ಣ ಬರಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಗೋಡೆಯ ಪ್ಲಗ್ಗಿನ ವಿದ್ಯುತ್ತಿಗೆ ಮಾತ್ರ ಯಾರೂ ಕೈ ಹಾಕಕೂಡದು.

ತರುಣರು ಪೆಟ್ಟಿಗೆ ಕಟ್ಟಿಕೊಂಡು ಹೋದರು. ನನಗೆ ಸ್ವಲ್ಪ ಗೆದ್ದ ಹೆಮ್ಮೆಯೂ ಆಗಿತ್ತೆನ್ನಿ. ಆದರೆ ಆ ತಾಯಿ ಕೇಳಿದ ಪ್ರಶ್ನೆ ಆ ಹೆಮ್ಮೆಯನ್ನು ಇಳಿಸಿಬಿಟ್ಟಿತು: "ಅವರು ಮಾಡಿದ್ದು ಸುಳ್ಳಂತ ತಿಳೀತ್ರಿ ಸರ. ಆದ್ರ ನನ್ನ ಮಗಗ ಟೈಫಾಯಿಡ್ ಆಗಿದ್ದು ಖರೇನಲ್ರಿ? ಹಂಗಾದ್ರ ನಾ ಏನು ತಗೋಳ್ಳಿ?"

ಒಂದೇ ಮನೆಗೆ ಎರಡು ನೀರು

ನಮ್ಮ ಅವಳಿ ನಗರದಲ್ಲಿ ಫಿಲ್ಟರಿನ ಬಗ್ಗೆ ಮಾತಾಡುವ ಮೊದಲು ಕೇಳಬೇಕಾದದ್ದು, "ಯಾವ ನೀರು?" ಎಂದು. ಬಹಳಷ್ಟು ಮನೆಗಳಿಗೆ ಎರಡು ನೀರು. ಒಂದು ನಳದ ನೀರು, ಇನ್ನೊಂದು ಬೋರಿನ ನೀರು.

ನಳದ್ದು ಮುಖ್ಯವಾಗಿ ಮಲಪ್ರಭೆಯ ನೀರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಂತ ನೀರು. 1980ರ ದಶಕದಿಂದ ಇದು ಅಮ್ಮಿನಭಾವಿಯಲ್ಲಿ ಶುದ್ಧೀಕರಣವಾಗಿ ನಮಗೆ ಬರುತ್ತಿದೆ. ಹುಬ್ಬಳ್ಳಿಯವರಿಗೆ ಕಲಘಟಗಿ ಕಡೆಯ ನೀರಸಾಗರವೂ ಗೊತ್ತು. ಎರಡೂ ಮಳೆಯಿಂದ ತುಂಬುವ ನೀರು. ಭೂಮಿಯೊಳಗಿನ ಕಲ್ಲಿನ ಸಹವಾಸ ಕಡಿಮೆ, ಆದ್ದರಿಂದ ಲವಣವೂ ಕಡಿಮೆ.

ಬೋರಿನ ನೀರಿನ ಕಥೆ ಬೇರೆ. ನಾವು ನಿಂತಿರುವ ನೆಲದ ಕಲ್ಲಿಗೆ ಭೂವಿಜ್ಞಾನಿಗಳು ನಮ್ಮೂರಿನ ಹೆಸರನ್ನೇ ಇಟ್ಟಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದ ಕೊನೆಯಲ್ಲಿ ಕೊಟ್ಟ 'ಧಾರವಾಡ' ಶಿಲಾವರ್ಗ ಎಂಬ ಹೆಸರು ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಈ ಹಳೆಯ ಕಲ್ಲಿನ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಶಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದತ್ತ ಮಲೆನಾಡಿನ ಸೆರಗು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯತ್ತ ಹೋದಂತೆ ಎರೆಭೂಮಿ. ಎರೆಮಣ್ಣು ಅಗೆದವರಿಗೆ ಅದರಲ್ಲಿ ಸಿಗುವ ಬಿಳಿ ಸುಣ್ಣದ ಹರಳುಗಳು ಗೊತ್ತು. ಆ ಮಣ್ಣಿನಲ್ಲಿ ಇಳಿದ ನೀರು ಗಡಸಾಗದೆ ಇನ್ನೇನಾದೀತು? ಆ ಭಾಗದಲ್ಲಿ ಸವಳು ನೀರು ಎಂಬ ಮಾತನ್ನು ಸಣ್ಣ ಮಕ್ಕಳೂ ಬಲ್ಲರು.

ಗಡಸುತನವನ್ನು ಮೊದಲು ಅಳೆದದ್ದು ಸಾಬೂನಿನಿಂದಲೇ. ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್ ನೀರನ್ನು ಮೆದುಗೊಳಿಸುವ ಸುಣ್ಣದ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದ. ಎಷ್ಟು ಸಾಬೂನು ಹಾಕಿದರೆ ನೊರೆ ನಿಲ್ಲುತ್ತದೆ ಎಂಬುದರಿಂದ ಗಡಸುತನ ಗುರುತಿಸುವ ಪದ್ಧತಿಯೂ ಅವನದೇ. ಈಗ ಪ್ರಯೋಗಾಲಯದಲ್ಲಿ ಇಡಿಟಿಎ ದ್ರಾವಣದಿಂದ ಅಳೆಯುತ್ತಾರೆ, ದ್ರಾಕ್ಷಾರಸದ ಕೆಂಪು ಬಣ್ಣ ನೀಲಿಗೆ ತಿರುಗಿದಾಗ ನಿಲ್ಲಿಸಬೇಕು. ಆದರೆ ಮನೆಗೆ ಕ್ಲಾರ್ಕನ ಸಾಬೂನೇ ಸಾಕು.

ಒಂದೇ ಅಳತೆಯ ಮೂರು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮಳೆ ನೀರು (ಸಿಗದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು), ಇನ್ನೊಂದರಲ್ಲಿ ನಳದ ನೀರು, ಮತ್ತೊಂದರಲ್ಲಿ ಬೋರಿನ ನೀರು ಅರ್ಧ ತುಂಬಿ. ಸಾಬೂನನ್ನು ಹೆರೆದು ನೀರಿನಲ್ಲಿ ಕರಗಿಸಿ ಪ್ರತಿಯೊಂದಕ್ಕೂ ಹತ್ತು ಹತ್ತು ಹನಿ ಹಾಕಿ ಅಲುಗಾಡಿಸಿ. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುವಂತೆ ಮಾಡಿದ್ದು. ಮಳೆ ನೀರಿನಲ್ಲಿ ನೊರೆ ಕೂಡಲೇ ಏಳುತ್ತದೆ. ಗಡಸು ನೀರಿನಲ್ಲಿ ನೊರೆಯ ಬದಲು ಬಿಳಿ ಚೂರು ತೇಲುತ್ತದೆ, ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ವಸ್ತುವಾಗುವುದರಿಂದ. ಬಚ್ಚಲ ಬಕೀಟಿನ ಅಂಚಿಗೆ ಅಂಟುವ ಜಿಡ್ಡು ಇದೇ.

ಈಗ ಅದೇ ಬೋರಿನ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಮತ್ತೆ ಸಾಬೂನು ಹಾಕಿ ನೋಡಿ. ನೊರೆ ಚೆನ್ನಾಗಿ ಬಂದರೆ ನಿಮ್ಮದು ತಾತ್ಕಾಲಿಕ ಗಡಸುತನ. ಕುದಿಸಿದಾಗ ಬೈಕಾರ್ಬೊನೇಟ್ ಒಡೆದು ಸುಣ್ಣದ ಕಾರ್ಬೊನೇಟ್ ಆಗಿ ತಳಕ್ಕೆ ಕೂತಿದೆ. ಇನ್ನೂ ನೊರೆ ಬಾರದಿದ್ದರೆ ಸಲ್ಫೇಟ್, ಕ್ಲೋರೈಡುಗಳ ಶಾಶ್ವತ ಗಡಸುತನ, ಅದು ಕುದಿಸಿದರೆ ಹೋಗುವಂಥದ್ದಲ್ಲ. ಹಲವು ಬೋರುಗಳಲ್ಲಿ ಎರಡೂ ಕೂಡಿಯೇ ಇರುತ್ತವೆ.

ಗಡಸು ನೀರಿಗೆ ಇಷ್ಟು ಹೆದರಬೇಕೆ?

ತೊಂದರೆ ಉಂಟು, ಇಲ್ಲವೆನ್ನುವುದಿಲ್ಲ. ಲೀಟರಿಗೆ 300 ಮಿಲಿಗ್ರಾಂ ತಾತ್ಕಾಲಿಕ ಗಡಸುತನವಿರುವ 40 ಲೀಟರ್ ನೀರನ್ನು ದಿನಾಲೂ ಸ್ನಾನಕ್ಕೆ ಕಾಯಿಸಿ, ಅದೆಲ್ಲ ಕೆಳಗಿಳಿಯಿತೆಂದು ಲೆಕ್ಕ ಹಾಕಿದರೆ ದಿನಕ್ಕೆ 12 ಗ್ರಾಂ, ತಿಂಗಳಿಗೆ 360 ಗ್ರಾಂ ಸುಣ್ಣ. ಅಷ್ಟೂ ಕೂರುವುದಿಲ್ಲ, ಆದರೂ ಹಂಡೆಯ ತಳದ ಬಿಳಿ ಪದರಿಗೂ ಗೀಜರಿನ ಕಾಯಿಲ್ ಸುಡುವುದಕ್ಕೂ ಕಾರಣ ಇದರಿಂದ ತಿಳಿಯುತ್ತದೆ. ಚಹಾದ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ಬೇಳೆ ಬೇಯುವುದಿಲ್ಲ. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿ ಮಾಡುತ್ತದೆ. ಚಿಟಿಕೆ ಸೋಡಾ ಹಾಕಿದರೆ ಬೇಳೆ ಬೇಗ ಬೇಯುವುದು ನಿಜ, ಜೊತೆಗೆ ಬಿ-1 ಜೀವಸತ್ವವೂ ಹಾಳಾಗುತ್ತದೆ. ಹಿಂದೆ ನಮ್ಮ ಅಜ್ಜಿಯರು ಬೇಳೆಗೂ ತಲೆ ತೊಳೆಯಲಿಕ್ಕೂ ಮಳೆ ನೀರು ಹಿಡಿದಿಡುತ್ತಿದ್ದರು. ಸಾಬೂನಿನ ಪರೀಕ್ಷೆ ಅವರಿಗೆ ಶೀಗೇಕಾಯಿಯಲ್ಲೇ ಆಗಿತ್ತೇನೋ!

ಆರೋಗ್ಯದ ಮಾತು ಬೇರೆ. ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬುದನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಮಿತಿಯನ್ನೇ ಹಾಕಿಲ್ಲ. ಕಲ್ಲಾಗಲು ನೀರು ಕಡಿಮೆ ಕುಡಿಯುವುದು ದೊಡ್ಡ ಕಾರಣ. ಬಿಸಿಲಿನಲ್ಲಿ ಆಡಿ ಬಂದ ಹುಡುಗ ರುಚಿಯಿಲ್ಲವೆಂದು ನೀರನ್ನೇ ಬಿಟ್ಟರೆ ಅದು ಹೆಚ್ಚು ಅಪಾಯ. (ಈಗಾಗಲೇ ಕಲ್ಲಿನ ತೊಂದರೆ ಇರುವವರು ವೈದ್ಯರ ಮಾತನ್ನೇ ಕೇಳಬೇಕು.) ಇನ್ನೊಂದು ಲೆಕ್ಕ ನೋಡಿ: 300 ಮಿಲಿಗ್ರಾಂ ಗಡಸುತನ ಪೂರ್ತಿ ಕ್ಯಾಲ್ಸಿಯಂನಿಂದಲೇ ಬಂದದ್ದಾದರೆ ಲೀಟರಿಗೆ 120 ಮಿಲಿಗ್ರಾಂ ಕ್ಯಾಲ್ಸಿಯಂ. ದಿನಕ್ಕೆ ಎರಡು ಲೀಟರ್ ಕುಡಿದರೆ 240. ಒಂದು ದೊಡ್ಡ ಲೋಟ ಹಾಲಿನಲ್ಲಿಯೂ ಸುಮಾರು ಅಷ್ಟೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೇಳಿದೆ. ಅಂದಮೇಲೆ ಅದು ವಿಷವಲ್ಲ.

ಭಾರತೀಯ ಮಾನಕ ಸಂಸ್ಥೆಯ 2012ರ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಉತ್ತಮ. ಬೇರೆ ನೀರು ಇಲ್ಲದ ಕಡೆ 600ರ ವರೆಗೆ ನಡೆಯುತ್ತದೆ. ಒಟ್ಟು ಕರಗಿದ ಘನವಸ್ತುಗಳಿಗೆ, ಎಂದರೆ ಟಿಡಿಎಸ್‌ಗೆ, ಇದೇ ರೀತಿ 500 ಮತ್ತು 2000. ಆದರೆ ಅದೇ ಮಾನದಂಡದಲ್ಲಿ ಒಂದು ವಿಷಯಕ್ಕೆ ರಿಯಾಯಿತಿಯೇ ಇಲ್ಲ. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಿಸಕೂಡದು. ಮಲದ ಸಂಪರ್ಕ ನೀರಿಗೆ ಆಗಿದೆ ಎಂಬುದರ ಗುರುತು ಅದು. ಟೈಫಾಯಿಡಿನ ರೋಗಾಣು ಬರುವುದೂ ಅದೇ ದಾರಿಯಿಂದ.

ನಮ್ಮೂರಿನ ನಳವೇ ಹೇಳಿದ್ದು

ಈ ವಿಷಯದಲ್ಲಿ ಹುಬ್ಬಳ್ಳಿ-ಧಾರವಾಡದ ಹೆಸರು ಜಗತ್ತಿನ ವಿಜ್ಞಾನ ಪತ್ರಿಕೆಗಳಲ್ಲಿ ಬಂದಿದೆ ಎಂದರೆ ನಮ್ಮವರಿಗೇ ನಂಬಿಕೆ ಬರಲಿಕ್ಕಿಲ್ಲ. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬರತೊಡಗಿತು. ಉಳಿದ ವಾರ್ಡುಗಳಲ್ಲಿ ಎಂದಿನಂತೆ ನಾಲ್ಕಾರು ದಿನಕ್ಕೊಮ್ಮೆ. ಒಂದೇ ಊರು, ಒಂದೇ ಹೊಳೆ, ಒಂದೇ ಶುದ್ಧೀಕರಣ ಘಟಕ, ಆದರೆ ನೀರು ಬಿಡುವ ಕ್ರಮ ಎರಡು. ಪ್ರಯೋಗಶಾಲೆಯಲ್ಲಿ ಮಾಡಬೇಕೆಂದರೂ ಇಂಥ ಪ್ರಯೋಗ ಕೂಡಿಬರುವುದಿಲ್ಲ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿ ಬಂದು ನೀರಿನ ಮಾದರಿ ತೆಗೆದರು.

ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅವರು 2013ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: 24 ತಾಸೂ ನೀರಿರುವ ನಳಗಳಲ್ಲಿ ಇ. ಕೋಲಿ ಕಂಡದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಮಾದರಿಗಳಲ್ಲಿ. ಬಿಟ್ಟು ಬಿಟ್ಟು ನೀರು ಬರುವ ನಳಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ. ಘಟಕದಿಂದ ಹೊರಟ ನೀರಿನಲ್ಲಿ ಇಷ್ಟು ಅಂತರವಿರಲಿಲ್ಲ, ದಾರಿಯಲ್ಲಿ ಕೆಟ್ಟಿತು. ಕೊಳವೆ ಖಾಲಿಯಿದ್ದಾಗ ಒಳಗೆ ಒತ್ತಡವಿರುವುದಿಲ್ಲ. ಬಿರುಕಿದ್ದ ಕಡೆ ಪಕ್ಕದ ಗಟಾರದ ನೀರು ಒಳಗೆ ಇಳಿಯುತ್ತದೆ. ವಾಲ್‌ಮನ್ ನೀರು ಬಿಟ್ಟಾಗ ಮೊದಲು ನಮ್ಮ ಕೊಡಕ್ಕೆ ಬೀಳುವುದು ಅದನ್ನೆಲ್ಲ ತೊಳೆದುಕೊಂಡು ಬಂದ ನೀರು. ಮಳೆ ಬಿದ್ದ ಮೇಲೆ ನೀರು ಇನ್ನಷ್ಟು ಕೆಡುವುದನ್ನೂ ಅವರು ಕಂಡರು. ಇನ್ನೊಂದು ತಂಡ 3,922 ಕುಟುಂಬಗಳನ್ನು ಗಮನಿಸಿ 2015ರಲ್ಲಿ ಬರೆದ ವರದಿಯಲ್ಲಿ, ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಆದರೆ 24 ತಾಸು ನೀರಿರುವ ಕಡೆ ಟೈಫಾಯಿಡ್ ಕಡಿಮೆ ಇತ್ತು ಎಂದಿದೆ. ಶುದ್ಧ ನೀರು ಬಂದರೂ ಮನೆಯೊಳಗೆ ಕೊಡದಲ್ಲಿ ತುಂಬಿ, ಕೈ ಹಾಕಿ ಚರಿಗೆ ಮುಳುಗಿಸಿದರೆ ಬಂದ ಲಾಭ ಅರ್ಧ ಅಲ್ಲಿಯೇ ಹೋಗುತ್ತದೆ.

ಆದ್ದರಿಂದ ನೀರು ಬಿಟ್ಟ ದಿನ ಮೊದಲ ಐದಾರು ಬಕೀಟು ಗಿಡಕ್ಕೆ, ಅಂಗಳಕ್ಕೆ, ಪಾಯಖಾನೆಗೆ ಹೋಗಲಿ. ಕುಡಿಯಲು ತುಂಬುವುದು ಆಮೇಲೆ. ಎಂಟು ದಿನ ಕಾದು ಕೂತವರಿಗೆ ಇದು ಕಷ್ಟದ ಮಾತೆಂದು ನನಗೆ ಗೊತ್ತು. ಆದರೂ ಇದಕ್ಕೆ ಕಾಸು ಖರ್ಚಿಲ್ಲ.

ಯಾವ ಯಂತ್ರ ಏನು ಮಾಡುತ್ತದೆ

ಗಡಸುತನ ಲವಣದ ವಿಷಯ, ಟೈಫಾಯಿಡ್ ರೋಗಾಣುವಿನ ವಿಷಯ. ಎರಡೂ ಬೇರೆ ಬೇರೆ. ಅಂಗಡಿಯಲ್ಲಿ ಒಂದರ ಹೆದರಿಕೆ ಹುಟ್ಟಿಸಿ ಇನ್ನೊಂದರ ಔಷಧ ಮಾರುತ್ತಾರೆ.

ನಮ್ಮ ಮನೆಗಳ ಹಳೆಯ ಸ್ಟೀಲಿನ ಕ್ಯಾಂಡಲ್ ಫಿಲ್ಟರ್ ಮಣ್ಣು, ರಾಡಿಯನ್ನು ಪೂರ್ತಿ, ಬ್ಯಾಕ್ಟೀರಿಯಾವನ್ನು ಬಹುಮಟ್ಟಿಗೆ ತಡೆಯುತ್ತದೆ. ಕರಗಿದ ಸುಣ್ಣವನ್ನು ತಡೆಯುವುದಿಲ್ಲ. ನೀರಿನಲ್ಲಿ ಕರಗಿದ ಸಕ್ಕರೆಯನ್ನು ಬಟ್ಟೆಯಲ್ಲಿ ಸೋಸಿ ತೆಗೆಯಲು ಬರುತ್ತದೆಯೇ? ಹಾಗೆಯೇ ಇದು. ವೈರಸ್ಸುಗಳು ಇನ್ನೂ ಚಿಕ್ಕವು, ಅವು ಪಾರಾಗುತ್ತವೆ. ಕ್ಯಾಂಡಲನ್ನು ಮೆತ್ತನೆಯ ಬ್ರಷ್‌ನಿಂದ ಬರೀ ನೀರಿನಲ್ಲಿ ತಿಕ್ಕಬೇಕು, ಸಾಬೂನು ಹಚ್ಚಕೂಡದು. ಕೂದಲೆಳೆ ಬಿರುಕು ಕಂಡರೂ ಬದಲಿಸಬೇಕು. ಗಡಸು ನೀರಿನಲ್ಲಿ ಅದರ ರಂಧ್ರಗಳು ಬೇಗ ಕಟ್ಟುತ್ತವೆ.

ಇದ್ದಿಲಿನ ಫಿಲ್ಟರ್ ಕ್ಲೋರಿನ್ ವಾಸನೆ, ಬಣ್ಣ, ಕೆಲವು ಕೀಟನಾಶಕಗಳನ್ನು ಹೀರುತ್ತದೆ, ಲವಣವನ್ನು ಮುಟ್ಟುವುದಿಲ್ಲ. ಯುವಿ ಯಂತ್ರದಲ್ಲಿ 254 ನ್ಯಾನೋಮೀಟರಿನ ನೇರಳಾತೀತ ಕಿರಣ ರೋಗಾಣುಗಳ ಡಿಎನ್‌ಎ ಕೆಡಿಸುತ್ತದೆ. ವಿದ್ಯುತ್ ಬೇಕು, ನೀರು ತಿಳಿಯಾಗಿರಬೇಕು. ಮಳೆಗಾಲದ ಕೆಂಪು ನೀರಿನಲ್ಲಿ ರೋಗಾಣು ಮಣ್ಣಿನ ಕಣದ ಮರೆಯಲ್ಲಿ ಕೂತುಬಿಡುತ್ತದೆ. ಗಡಸು ನೀರಿನವರು ಇನ್ನೊಂದನ್ನು ನೆನಪಿಡಬೇಕು. ದೀಪವನ್ನು ಸುತ್ತಿದ ಸ್ಫಟಿಕದ ಕೊಳವೆಗೆ ಸುಣ್ಣದ ಪೊರೆ ಕಟ್ಟಿದರೆ ದೀಪ ಉರಿಯುತ್ತಿದ್ದರೂ ಕಿರಣ ನೀರಿಗೆ ತಲಪುವುದಿಲ್ಲ. ಯುಎಫ್ ಎಂಬುದು ಬಹು ಸೂಕ್ಷ್ಮ ರಂಧ್ರಗಳ ಜಾಲರಿ, ಬ್ಯಾಕ್ಟೀರಿಯಾ ದಾಟಲಾರದು, ಸುಣ್ಣ ಸುಲಭವಾಗಿ ದಾಟುತ್ತದೆ.

ಪಟಿಕ, ನಮ್ಮ ಕಡೆಯ ತುರಟಿ, ರಾಡಿ ನೀರನ್ನು ತಿಳಿಗೊಳಿಸುತ್ತದೆ, ಗಡಸುತನಕ್ಕೆ ಏನೂ ಮಾಡದು. ಇನ್ನು ಸಾಫ್ಟ್‌ನರ್. ಅದರ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ, ತೀರಿದಾಗ ಉಪ್ಪುನೀರು ಹಾಯಿಸಿ ಮತ್ತೆ ಸಜ್ಜು ಮಾಡಬೇಕು. ಬಚ್ಚಲಿಗೆ, ಗೀಜರಿಗೆ, ಬಟ್ಟೆ ಯಂತ್ರಕ್ಕೆ ಒಳ್ಳೆಯದು. ಆದರೆ ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ ಬದಲಾಗಿ 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. ರಕ್ತದೊತ್ತಡದವರಿರುವ ಮನೆಯ ಅಡುಗೆಗೆ ಅದನ್ನು ನಾನು ಹೇಳಲಾರೆ.

ಉಳಿದದ್ದು ಆರ್‌ಓ. ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲವನ್ನೂ ಇಳಿಸುವ ಮನೆಬಳಕೆಯ ಯಂತ್ರ ಇದೊಂದೇ. ಒತ್ತಡ ಹಾಕಿ ನೀರನ್ನು ಪೊರೆಯ ಮೂಲಕ ದಾಟಿಸಿ ಲವಣವನ್ನು ಹಿಂದೆ ಬಿಡುವುದು ಇದರ ತತ್ವ. ಕೆಲಸಕ್ಕೆ ಬರುವಂಥ ಮೊದಲ ಪೊರೆಯನ್ನು 1960ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಮಾಡಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಎಂಬುದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಲಿ. ಸಮುದ್ರದ ನೀರನ್ನು ಸಿಹಿ ಮಾಡಲು ಹುಟ್ಟಿದ ವಿದ್ಯೆ ಅದು. ಅದನ್ನು ಮಲಪ್ರಭೆಯ ನೀರಿಗೆ ಹಚ್ಚುವುದೆಂದರೆ ಗುಬ್ಬಿಗೆ ತೋಪು ಹೊಡೆದಂತೆ.

ಹೊಡೆದರೆ ಏನಾಯಿತು ಎನ್ನುವವರಿಗೆ ಲೆಕ್ಕ ಕೊಡುತ್ತೇನೆ. ಮನೆಯ ಆರ್‌ಓ ಯಂತ್ರ ಸಾಮಾನ್ಯವಾಗಿ ಒಂದು ಲೀಟರ್ ಒಳ್ಳೆಯ ನೀರಿಗೆ ಎರಡರಿಂದ ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕೆಂದರೆ ಮೂರರ ಲೆಕ್ಕದಲ್ಲಿ 60 ಲೀಟರ್ ಹೊರಗೆ. ನಾಲ್ಕು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ಅಷ್ಟರಲ್ಲಿ 240 ಲೀಟರ್, ಎಂದರೆ 15 ಲೀಟರಿನ 16 ಕೊಡ! ಅಷ್ಟನ್ನು ಹೊತ್ತು ತಂದವರಿಗೆ ಅದರ ತೂಕ ಗೊತ್ತು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆ ನಿಷೇಧಿಸಬೇಕು, ಉಳಿದೆಡೆ ನೂರಕ್ಕೆ 60ಕ್ಕಿಂತ ಹೆಚ್ಚು ನೀರು ಮರಳಿ ಸಿಗುವಂತಿರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ನಿರ್ದೇಶಿಸಿದ್ದು ಇದೇ ಕಾರಣಕ್ಕೆ.

ಹಾಗೆಂದು ಆರ್‌ಓವನ್ನು ಪೂರ್ತಿ ಬೈಯುವುದೂ ತಪ್ಪು. ಬೋರೊಂದೇ ಗತಿಯಾಗಿ, ಟಿಡಿಎಸ್ ಸಾವಿರ ದಾಟಿದ ಬಡಾವಣೆಯವರಿಗೆ ಅದು ಬೇಕು. ಗದಗ ಜಿಲ್ಲೆಯ ಮುಂಡರಗಿ ಕಡೆಯಂತೆ ಫ್ಲೋರೈಡ್ ಇರುವ ಊರುಗಳಿಗಂತೂ ಬೇಕೇ ಬೇಕು. ಫ್ಲೋರೈಡಿಗೆ ಕ್ಯಾಂಡಲ್, ಯುವಿ ಯಾವುದೂ ಆಗದು. ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಅಂಥವರು ಕೊಳ್ಳುವ ಮುನ್ನ ಯಂತ್ರದ ಕೈಪಿಡಿಯಲ್ಲಿ ಎಷ್ಟು ಗಡಸುತನದ ವರೆಗೆ ನಡೆಯುತ್ತದೆಂದು ಓದಲಿ, ವರ್ಷಕ್ಕೆ ಪೊರೆ ಮತ್ತು ಫಿಲ್ಟರುಗಳ ಖರ್ಚು ಎಷ್ಟೆಂದು ಬರೆಸಿಕೊಳ್ಳಲಿ. ರುಚಿಗಾಗಿ ಸ್ವಲ್ಪ ಮೂಲ ನೀರನ್ನೇ ಬೆರೆಸುವ ತಿರುಪು ಇದ್ದರೆ, ಬೆರೆತ ನೀರು ಆಮೇಲೆ ಯುವಿ ದಾಟಿ ಬರುತ್ತದೆಯೇ ಎಂದು ಕೇಳಲಿ. ಹಾಗಿಲ್ಲದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಚೆಲ್ಲುವ ನೀರನ್ನು ಪೈಪಿನಿಂದ ಬಕೀಟಿಗೆ ಹಿಡಿದು ನೆಲ ಒರೆಸಲು, ಪಾಯಖಾನೆಗೆ ಬಳಸಬಹುದು.

ಮಾರುವವರ ಕಿಸೆಯಲ್ಲಿರುವ ಟಿಡಿಎಸ್ ಮೀಟರಿನ ಬಗ್ಗೆಯೂ ಒಂದು ಮಾತು. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಅಂದಾಜು ಸಂಖ್ಯೆ ತೋರಿಸುತ್ತದೆ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಹಾಕಿ, ಮುಳ್ಳು ಕದಲುವುದಿಲ್ಲ. ಚಿಟಿಕೆ ಉಪ್ಪು ಹಾಕಿ, ಹಾರಿ ಕೂರುತ್ತದೆ. ಕೋಟಿ ಬ್ಯಾಕ್ಟೀರಿಯಾ ಇದ್ದರೂ ಅದಕ್ಕೆ ಕಾಣುವುದಿಲ್ಲ.

ಹುಡುಗನ ಮೂರು ಬಾಟಲಿ

ಆ ತಾಯಿಗೆ ನಾನು ಕೂಡಲೇ ಉತ್ತರ ಹೇಳಲಿಲ್ಲ. ಅವರ ಮಗನಿಗೆ ಕೆಲಸ ಹಚ್ಚಿದೆ. ಮನೆಯಲ್ಲಿ ಕೂತು ಬೇಸರಗೊಂಡಿದ್ದ ಹುಡುಗ ಸಂತೋಷದಿಂದಲೇ ಒಪ್ಪಿದ.

ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಒಂದು ಸರಳ ಪರೀಕ್ಷೆ ಇದೆ. ಔಷಧ ಸವರಿದ ಕಾಗದವಿರುವ ಸಣ್ಣ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಡುವುದು. ಮಲದ ಬ್ಯಾಕ್ಟೀರಿಯಾ ಇದ್ದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ನೀರು ಕಪ್ಪಾಗುತ್ತದೆ. ಅಂಥ ಮೂರು ಬಾಟಲಿ ತರಿಸಿದೆವು. ಒಂದಕ್ಕೆ ನಳ ಬಿಟ್ಟ ಕೂಡಲೇ ಬಂದ ನೀರು, ಒಂದಕ್ಕೆ ಅಡುಗೆಮನೆಯ ಡ್ರಮ್ಮಿನ ನೀರು, ಒಂದಕ್ಕೆ ಬೋರಿನ ನೀರು. ಜೊತೆಗೆ ಸಾಬೂನಿನ ಪರೀಕ್ಷೆ. ಶಾಲೆಯ ಟಿಡಿಎಸ್ ಮೀಟರನ್ನೂ ಅವನ ಕೈಗೆ ಕೊಟ್ಟೆ.

ಮೀಟರಿನಲ್ಲಿ ನಳದ ನೀರು 160ರ ಆಸುಪಾಸು ತೋರಿಸಿತು, ಬೋರಿನದು 900 ಚಿಲ್ಲರೆ. ಸಾಬೂನೂ ಅದನ್ನೇ ಹೇಳಿತು. ಮರುದಿನ ಸಂಜೆ ಹುಡುಗ ಬಾಟಲಿಗಳನ್ನು ಹಿಡಿದು ಓಡಿ ಬಂದ. ಬೋರಿನ ನೀರು ಹಾಗೆಯೇ ಇತ್ತು. ನಳದ ಮೊದಲ ನೀರೂ, ಡ್ರಮ್ಮಿನ ನೀರೂ ಕಪ್ಪಾಗಿದ್ದವು. ಮನೆಯವರೆಲ್ಲ ದೂರುತ್ತಿದ್ದದ್ದು ಹಂಡೆಗೆ ಪೊರೆ ಕಟ್ಟುವ ಬೋರಿನ ನೀರನ್ನು. ಸಿಹಿ ನೀರೆಂದು ನಂಬಿ, ಕುದಿಸದೆ, ಬಾಯಿ ತೆರೆದ ಡ್ರಮ್ಮಿನಿಂದ ಚರಿಗೆ ಮುಳುಗಿಸಿ ಕುಡಿಯುತ್ತಿದ್ದದ್ದು ಮಲಪ್ರಭೆಯ ನೀರನ್ನು.

ಒಂದು ದಿನದ ಪರೀಕ್ಷೆಯಿಂದ ಬೋರಿಗೆ ಪ್ರಮಾಣಪತ್ರ ಕೊಡಲಾಗದು. ಗಟಾರದ ಹತ್ತಿರದ ಬೋರು ಯಾವಾಗಲಾದರೂ ಕೆಡಬಹುದು, ನೈಟ್ರೇಟ್ ಈ ಪರೀಕ್ಷೆಗೆ ಕಾಣುವುದಿಲ್ಲ, ಅದಕ್ಕೆ ಜಿಲ್ಲೆಯ ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು. ಟೈಫಾಯಿಡ್ ಡ್ರಮ್ಮಿನಿಂದಲೇ ಬಂತೆಂದು ಆಣೆ ಮಾಡಿ ಹೇಳಲೂ ಬಾರದು. ಹುಡುಗ ಕಾಲೇಜಿನ ಹೊರಗೆ ಪಾನಿಪುರಿ ತಿಂದದ್ದನ್ನು ಆಮೇಲೆ ನನ್ನೊಬ್ಬನಿಗೆ ಒಪ್ಪಿಕೊಂಡ.

ಅವರು ಆರ್‌ಓ ಕೊಳ್ಳಲಿಲ್ಲ. ಡ್ರಮ್ ತಿಕ್ಕಿ ಬಿಸಿಲಿಗೆ ಹಾಕಿದರು. ಕುಡಿಯುವ ನೀರಿಗೆ ಮುಚ್ಚಳವಿದ್ದ, ಕೆಳಗೆ ನಳವಿದ್ದ ಸ್ಟೀಲಿನ ಪಾತ್ರೆ ತಂದರು. ಆರ್‌ಓ ಇಲ್ಲದ ಯುವಿ, ಯುಎಫ್ ಎರಡೂ ಇರುವ ಸಣ್ಣ ಯಂತ್ರ ಗೋಡೆಗೆ ಬಂತು, ತರುಣರು ಹೇಳಿದ ಬೆಲೆಯ ಅರ್ಧಕ್ಕಿಂತ ಕಡಿಮೆಗೆ. ಕರೆಂಟ್ ಹೋದ ದಿನ ನೀರು ಕುದಿಸುತ್ತಾರೆ. ನೀರು ಉಕ್ಕಿ ಕುದಿ ಬಂದರೆ ಟೈಫಾಯಿಡಿನ ರೋಗಾಣು ಸಾಯಲು ಅಷ್ಟು ಸಾಕು. ಬೋರಿನ ನೀರು ಬಚ್ಚಲಿಗೆ, ಪಾತ್ರೆಗೆ, ಗಿಡಕ್ಕೆ.

ಕಳೆದ ವಾರ ಹುಡುಗ ಒಂದು ನೋಟ್‌ಬುಕ್ ತಂದು ತೋರಿಸಿದ. ಒಂದೇ ಕುಕ್ಕರು, ಒಂದೇ ಅಳತೆಯ ತೊಗರಿಬೇಳೆ. ನಳದ ನೀರಿಗೆ ಮೂರು ಸೀಟಿ, ಬೋರಿನ ನೀರಿಗೆ ಐದು, ಕುದಿಸಿ ಸೋಸಿದ ಬೋರಿನ ನೀರಿಗೆ ನಾಲ್ಕು. "ಐದಲ್ಲ, ಮೂರೂ ಅಲ್ಲ, ನಾಲ್ಕು ಯಾಕ್ರಿ ಸರ?" ಎಂದು ಕೇಳಿದ. ಹಿಂದಿನ ಪುಟ ತಿರುವಿ ಸಾಬೂನಿನ ಪರೀಕ್ಷೆ ನೋಡಲು ಹೇಳಿದೆ. ಕುದಿಸಿದ ಮೇಲೂ ನೊರೆ ಅರ್ಧವೇ ಬಂದಿತ್ತೆಂದು ಅವನ ಕೈಬರಹದಲ್ಲೇ ಇತ್ತು.